ಕಿರುಬೆರಳಿನ ಅಗಲ

ಫಿಸಿಕ್ಸ್ ಲ್ಯಾಬಿನಲ್ಲಿ ಅಂಬಿಕಾ ಲೇಸರಿನ ಹೊಟ್ಟೆಗೆ ಸುತ್ತಿದ್ದ ಕಪ್ಪು ಟೇಪನ್ನು ಉಗುರಿನಿಂದ ಕೆರೆದು ಕಿತ್ತಳು. ಹಳೆಯ ಟೇಪು, ಅರ್ಧ ಬಂತು, ಅರ್ಧ ಹರಿಯಿತು. ಅದರ ಕೆಳಗೊಂದು ಹಳದಿ ಚೀಟಿ, ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ೬೫೦ ಎಂದು ಅಚ್ಚಾಗಿತ್ತು.

"ನೋಡ್ರಿ ಸರ್. ನಾ ತಪ್ಪು ಅಳದಿಲ್ಲ. ಇದರ ಮೈಮ್ಯಾಲೇ ಬರದದ, ಆರುನೂರ ಐವತ್ತು ಅಂತ."

ಯಶವಂತ ಸರ್ ಕನ್ನಡಕವನ್ನು ಹಣೆಗೇರಿಸಿ ಓದಿದರು. ಓದುವಾಗ ಅವರ ತುಟಿ ಅಲುಗಿದ್ದನ್ನು ಅವಳು ಕಣ್ಣಾರೆ ಕಂಡಳು. ಆಮೇಲೆ ಅವರು ಮೇಜಿನ ಖಾನೆ ಎಳೆದು ಹೊಸ ಟೇಪಿನ ಸುರುಳಿ ತೆಗೆದರು. ಹಲ್ಲಿನಿಂದ ಕಚ್ಚಿ ಒಂದು ತುಂಡು ಹರಿದು, ಅದೇ ಚೀಟಿಯ ಮೇಲೆ ನೀಟಾಗಿ ಸುತ್ತಿ, ಹೆಬ್ಬೆರಳಿನಿಂದ ಒತ್ತಿದರು.

"ರೆಕಾರ್ಡ್ ತಿದ್ದಿ ಬರಕೊಂಡು ಬಾ. ಸಹಿ ಮಾಡ್ತೀನಿ."

ಅಂಬಿಕಾಳ ಮೈ ಉರಿದುಹೋಯಿತು. ಸರ್‌ಗೆ ಗೊತ್ತಿಲ್ಲ ಅಂದುಕೊಂಡಿದ್ದಳು. ಗೊತ್ತಿಲ್ಲದವರಿಗೆ ತೋರಿಸಬಹುದು, ತಿಳಿಸಬಹುದು. ಗೊತ್ತಿದ್ದೂ ಟೇಪು ಹಚ್ಚುವವರಿಗೆ ಏನು ತೋರಿಸುವುದು?

ವಿಷಯ ಇಷ್ಟೇ. ಕಲಬುರಗಿಯ ಹೊರಗೆ ಕಪನೂರಿನ ಕಾರ್ಖಾನೆ ಶೆಡ್ಡುಗಳನ್ನು ದಾಟಿದ ಮೇಲೆ ಹೊಲಗಳ ನಡುವೆ ಎದ್ದು ನಿಂತಿರುವ ಆ ಖಾಸಗಿ ಕಾಲೇಜಿನಲ್ಲಿ ಹಿಂದೊಮ್ಮೆ ಗ್ಯಾಸ್ ತುಂಬಿದ ಉದ್ದನೆಯ ಲೇಸರ್ ಇತ್ತು. ಅದರ ಕೆಂಪು ಬೆಳಕಿನ ಅಲೆಯ ಉದ್ದ ೬೩೨.೮ ನ್ಯಾನೋಮೀಟರು. ಅದು ಕೆಟ್ಟು ಕಪಾಟಿನ ಮೇಲೇರಿ ಧೂಳು ತಿನ್ನತೊಡಗಿ ವರ್ಷಗಳಾಗಿದ್ದವು. ಅದರ ಜಾಗಕ್ಕೆ ಬೆರಳುದ್ದದ ಅಗ್ಗದ ಲೇಸರ್ ತಂದರು. ಅದೂ ಕೆಂಪೇ, ಆದರೆ ಬೇರೆ ಕೆಂಪು. ಲೇಸರ್ ಬದಲಾಯಿತು, ಲ್ಯಾಬಿನ ಕೈಪಿಡಿಯಲ್ಲಿ ಅಚ್ಚಾದ ಉತ್ತರ ಬದಲಾಗಲಿಲ್ಲ. ಅಂದಿನಿಂದ ಇಂದಿನವರೆಗೆ ಆ ಲ್ಯಾಬಿಗೆ ಬಂದವರೆಲ್ಲ ಹೊಸ ಲೇಸರಿನಿಂದ ಹಳೆಯ ಲೇಸರಿನ ಉತ್ತರವನ್ನೇ 'ಅಳೆದು' ಪಾಸಾಗಿದ್ದರು. ಮೊದಲು ಉತ್ತರ ಬರೆಯುವುದು, ಅಲ್ಲಿಂದ ಲೆಕ್ಕವನ್ನು ಹಿಂದಕ್ಕೆ ನಡೆಸಿ ಸ್ಕೇಲಿನಲ್ಲಿ ಏನು ಕಾಣಬೇಕಿತ್ತೋ ಅದನ್ನು ಕಂಡಂತೆ ಬರೆಯುವುದು. ಸಂತೆಗೆ ಮೂರು ಮೊಳ ನೇಯ್ದ ಹಾಗೆ ಎಲ್ಲರ ರೆಕಾರ್ಡೂ ತಯಾರು. ಲೇಸರಿನ ಗುಂಡಿ ಒತ್ತುವ ಗೋಜೂ ಇಲ್ಲ.

ಅಂಬಿಕಾ ಗುಂಡಿ ಒತ್ತಿದ್ದಳು, ಅದೇ ಅವಳ ತಪ್ಪು. ಕೋಣೆಯ ದೀಪ ಆರಿಸಿ, ಸಣ್ಣ ಗೆರೆಗಳ ಗಾಜಿನ ಮೂಲಕ ಬೆಳಕು ಹಾಯಿಸಿದಾಗ, ಗೋಡೆಯ ಮೇಲೆ ನಡುವಿನ ಚುಕ್ಕೆಯ ಅಕ್ಕಪಕ್ಕ ಒಂದೊಂದು ಚುಕ್ಕೆ ಮೂಡುತ್ತದೆ. ಕೈಪಿಡಿ ಹೇಳುವ ಜಾಗಕ್ಕಿಂತ ಚುಕ್ಕೆ ಕಿರುಬೆರಳಿನ ಅಗಲದಷ್ಟು ಆಚೆ ಬಿದ್ದಿತ್ತು. ಗಾಜು ಒರೆಸಿ ಇಟ್ಟಳು, ಸ್ಕೇಲು ಬದಲಿಸಿದಳು, ಮರುದಿನ ಮತ್ತೆ ನೋಡಿದಳು. ಚುಕ್ಕೆ ಅಲ್ಲೇ. ಕಿರುಬೆರಳಿನಷ್ಟು ಆಚೆ, ಹಟ ಹಿಡಿದ ಮಗುವಿನ ಹಾಗೆ.

ಅವಳ ರ‍್ಯಾಂಕಿಗೆ ಕಂಪ್ಯೂಟರ್ ಬ್ರಾಂಚ್ ಸಿಗುತ್ತಿತ್ತು. ಎಂಜಿನಿಯರಿಂಗ್ ಫಿಸಿಕ್ಸ್ ಬೇಕು ಎಂದಾಗ ಕಮಲಾಪುರದಲ್ಲಿ ನಗದವರಿಲ್ಲ. "ನಾಕ್ ವರ್ಷ ಓದಿ ಎಂಜಿನಿಯರ್ ಆಗ್ತಿಯೋ, ಸಾಲಿ ಮಾಸ್ತರ್ ಆಗ್ತಿಯೋ?" ಎಂದು ಬಸ್ ಸ್ಟ್ಯಾಂಡಿನ ಚಹದಂಗಡಿಯವನೂ ಕೇಳಿದ್ದ. ಅವಳು ಯಾರಿಗೂ ಉತ್ತರ ಹೇಳಿರಲಿಲ್ಲ. ಕಣ್ಣಿಗೆ ಕಾಣದ ಬೆಳಕಿನ ಅಲೆಯನ್ನು ಒಂದು ಕಟ್ಟಿಗೆ ಸ್ಕೇಲಿನಿಂದ ಅಳೆಯಬಹುದು ಎಂದು ಪಿಯುಸಿಯಲ್ಲಿ ಓದಿದ ದಿನವೇ ಅವಳು ಈ ಓದಿಗೆ ಬಿದ್ದಿದ್ದಳು. ಹಾಗೆ ಬಿದ್ದವಳ ಕೈಗೆ ಈಗ ಟೇಪು ಸುತ್ತಿದ ಲೇಸರ್ ಕೊಟ್ಟು, ನೋಡಬೇಡ, ಬರೆ ಎನ್ನುತ್ತಿದ್ದರು.

"ಜಾನೇ ದೇ ನಾ, ಬಿಡು ಅಂಬಿಕಾ," ಎಂದಳು ಸನೋಬರ್. ಒಂಬತ್ತೇ ಜನರ ಆ ತರಗತಿಯಲ್ಲಿ ಅಂಬಿಕಾಳ ಪಕ್ಕದ ಕುರ್ಚಿ ಅವಳದು. "ಒಂದ್ ನಂಬರ್ ಸಲುವಾಗಿ ಎಷ್ಟ್ ಜಗಳ? ಬರದ್ ಹಾಕು, ಪೀಡಾ ಹೋಗ್ತದ."

"ನಂಬರ್ ಅಲ್ಲ ಅದು. ಸುಳ್ಳು."

"ಹಂಗಾರ ನಾವೆಲ್ಲಾ ಸುಳ್ಳರಾ?"

"ಹೌದು," ಎಂದುಬಿಟ್ಟಳು ಅಂಬಿಕಾ. ಸನೋಬರ್ ಎರಡು ದಿನ ಮಾತು ಬಿಟ್ಟಳು.

ರೆಕಾರ್ಡಿಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಲ್ಯಾಬ್ ಹೋದರೆ ವರ್ಷವೇ ಹೋದಂತೆ. ಅಂಬಿಕಾ ಬರೆಯುವುದಿಲ್ಲ ಎಂದು ಕೂತಾಗ ಸರ್ ಅವಳ ಅಪ್ಪನನ್ನು ಕರೆಸಿದರು. ನೀಲಕಂಠ ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಕೆಂಪು ಬಾಳೆಹಣ್ಣಿನ ಅಂಗಡಿ ಇಟ್ಟವನು. ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಸರ್ ಅವನನ್ನು ಕೂಡಿಸಿ ಸಮಾಧಾನವಾಗಿಯೇ ಹೇಳಿದರು.

"ಶಾಣ್ಯಾ ಹುಡುಗಿ ರೀ ನಿಮ್ಮಾಕಿ. ಅದೇ ತ್ರಾಸ. ಪರೀಕ್ಷಾಕ್ಕ ಹೊರಗಿಂದ ಬಂದವರ ಕೈಯಾಗ ಉತ್ತರದ ಹಾಳಿ ಇರ್ತದ, ಅದರಾಗ ಆರುನೂರ ಮೂವತ್ತೆರಡೇ ಅದ. ಈ ಬ್ರಾಂಚ್ ಮುಚ್ಚಾಕ ಮ್ಯಾನೇಜ್‌ಮೆಂಟಿನವರು ನೆವಾ ಹುಡುಕಾಕತ್ತಾರ. ಒಬ್ಬಾಕಿ ಫೇಲಾದ್ರ ಸಾಕು ಅವರಿಗೆ. ಕೈಪಿಡಿ ತಿದ್ದಾಕ ಹೋದ್ರ, ಇಷ್ಟ್ ವರ್ಷ ಏನ್ ಮಾಡಾಕತ್ತಿದ್ರಿ ಅಂತ ನನ್ನೇ ಕೇಳ್ತಾರ."

ನೀಲಕಂಠನಿಗೆ ಲೇಸರಿನ ವಿಷಯ ಅರ್ಥವಾಗಲಿಲ್ಲ, ಮಗಳು ಫೇಲಾಗಬಹುದು ಎಂಬುದು ಅರ್ಥವಾಯಿತು. ಎದ್ದು ಕೈ ಮುಗಿದ. "ನೀವ್ ಹೇಳಿದಂಗ ಬರೀತಾಳ್ರಿ ಸರ್. ನಂದು ಮಾತು." ಬಾಗಿಲ ಬಳಿ ನಿಂತಿದ್ದ ಅಂಬಿಕಾಳಿಗೆ ಆ ಮುಗಿದ ಕೈಗಳನ್ನು ಹಿಡಿದು ಬಿಡಿಸಬೇಕೆನಿಸಿತು. ಬಿಡಿಸಲಿಲ್ಲ. ಅಲ್ಲೇ ಹಲ್ಲು ಕಚ್ಚಿ ನಿಂತಳು.

ಮನೆಯಲ್ಲಿ ರಣರಂಗ. ತಾಯಿ ಶಿವಕಾಂತಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡುತ್ತ ಕೂತಳು.

"ಅಂಗಡಿಗೆ ಯಾರರೆ ಪುಡಿ ತಂದ್ರ ಬೈದು ಓಡಸ್ತಿ," ಎಂದು ಚೀರಿದಳು ಅಂಬಿಕಾ. "ಪುಡಿ ಹಾಕಿ ಮಾಗಿಸಿದ್ದು ಹಣ್ಣೇ ಅಲ್ಲ ಅಂತಿ. ಊರ ತುಂಬ ಅದೇ ನಿನ್ನ ದಿಮಾಕು. ನನಗ ಪುಡಿ ಹಾಕಂತ ಹೇಳಾಕ ಬಂದಿಯಲ್ಲ, ನಾಚ್ಕಿ ಬರಲ್ಲ ನಿನಗ?"

"ಹಣ್ಣಿನ ಮಾತು ಬ್ಯಾರೆ, ಸಾಲಿ ಮಾತು ಬ್ಯಾರೆ!"

"ಯಾಕ ಬ್ಯಾರೆ?"

ನೀಲಕಂಠನ ದನಿ ಏರಿತು. "ಕೊಟ್ಟ ಮಾತು, ಕೊಟ್ಟ ಹಣ್ಣು ತಿರುಗಿ ತಗೊಂಡವರು ನಮ್ಮ ಮನಿತನದಾಗ ಯಾರೂ ಇಲ್ಲ. ಬರಿತೀ ಅಂದ್ರ ಬರಿತಿ, ಮುಗೀತು!"

ಅವಳು ಬರೆದಳು. ಚುಕ್ಕೆಯನ್ನು ಕಿರುಬೆರಳಿನಷ್ಟು ಈಚೆಗೆ ಎಳೆದು ತಂದು, ಉತ್ತರ ೬೩೨.೮ ಎಂದು ತನ್ನ ಕೈಯಾರೆ ಬರೆದಳು. ಸರ್ ಸಹಿ ಮಾಡಿ "ಗುಡ್" ಎಂದರು. ಆ ಗುಡ್ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಪರೀಕ್ಷೆಯ ದಿನ ನೀಲಕಂಠನೂ ಜೊತೆಗೆ ಬಂದ. ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಒಂದು ಬುಟ್ಟಿ, ಅದರಲ್ಲಿ ಆರಿಸಿ ಜೋಡಿಸಿದ ಕೆಂಪು ಬಾಳೆಹಣ್ಣು. ಕಮಲಾಪುರದಿಂದ ಕಲಬುರಗಿಗೆ ಕೆಲಸಕ್ಕೆಂದು ಹೊರಟವರು ಸಾಹೇಬರಿಗೆ ಆ ಹಣ್ಣು ಒಯ್ಯದೆ ಹೋಗುವುದಿಲ್ಲ, ತಾತ ಮುತ್ತಾತರ ಕಾಲದಿಂದ ಬಂದ ರೂಢಿ. ಬುಟ್ಟಿಯನ್ನು ಸರ್ ಕೋಣೆಯಲ್ಲಿಟ್ಟು ಬಂದವನು ಮಗಳ ಕಿವಿಯಲ್ಲಿ ಹೇಳಿದ:

"ನಿನಗ ಲೋಲಕದ ಪ್ರಯೋಗ ಬರ್ತದಂತ. ಸರ್ ಹೇಳ್ಯಾರ. ಸುಳ್ಳು ಬರಿಯೂ ಪ್ರಸಂಗನೇ ಬರಲ್ಲ. ಆಯ್ತಿಲ್ಲ?"

ಅಪ್ಪ ಸಂತೋಷದಿಂದಲೇ ಹೇಳಿದ್ದ. ಅಂಬಿಕಾಳ ಕಿವಿ ಬಿಸಿಯಾಯಿತು. ಯಾರಿಗೆ ಯಾವ ಪ್ರಯೋಗ ಎಂದು ಎತ್ತುವ ಚೀಟಿಯೂ ಇಲ್ಲಿ ಬುಟ್ಟಿ ನೋಡಿ ಏಳುತ್ತದೆ ಅಂತಾಯಿತು!

ಒಳಗೆ ಹಾಗೆಯೇ ಆಯಿತು. ಉಳಿದವರಿಗೆ ಚೀಟಿಗಳ ಡಬ್ಬಿ ಒಡ್ಡಿದ ಸರ್ ಅವಳಿಗೆ ಮಾತ್ರ ಅಂಗೈಯಲ್ಲಿದ್ದ ಒಂದು ಚೀಟಿ ಕೊಟ್ಟರು. ಲೋಲಕ. ಪಕ್ಕದಲ್ಲಿ ಸನೋಬರ್ ತನ್ನದನ್ನು ಬಿಚ್ಚಿದಳು. ಲೇಸರ್. ಬೀದರಿನಿಂದ ಬಂದಿದ್ದ ಪರೀಕ್ಷಕಿ ಮೇಡಂ ಹೆಸರು ಬರೆದುಕೊಳ್ಳುವ ಮೊದಲೇ ಅಂಬಿಕಾ ಸನೋಬರಳ ಕೈಯಿಂದ ಚೀಟಿ ಕಿತ್ತು, ತನ್ನದನ್ನು ತುರುಕಿದಳು.

"ಹುಚ್ಚ ಹಿಡದದೇನ ನಿನಗ? ರೆಕಾರ್ಡಿನ್ಯಾಗ ಏನ್ ಬರದಿ, ನೆನಪದ ಇಲ್ಲ?" ಎಂದು ಸನೋಬರ್ ಪಿಸುಗುಟ್ಟಿದಳು.

"ನೆನಪದ."

ಅವಳು ಅಳೆದಳು. ಚುಕ್ಕೆ ತನ್ನ ಜಾಗದಲ್ಲೇ ಇತ್ತು. ಉತ್ತರ ೬೫೦ರ ಆಸುಪಾಸಿಗೆ ಬಂದು ನಿಂತಿತು. ಬರೆದು, ಕೆಳಗೆ ಗೆರೆ ಎಳೆದಳು.

ಮೇಡಂ ಉತ್ತರ ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು, ಆಮೇಲೆ ಅಂಬಿಕಾಳ ರೆಕಾರ್ಡ್ ತೆರೆದರು. "ಇದೇ ಪ್ರಯೋಗಕ್ಕ ರೆಕಾರ್ಡಿನ್ಯಾಗ ಬ್ಯಾರೆ ಉತ್ತರ ಅದ ಅಲ್ಲ? ಇದು ನಿಂದೇ ಬರಹ ಅಲ್ಲೇನು?"

"ನಂದೇ ರೀ ಮೇಡಂ. ಅದು ಸುಳ್ಳು. ಬರಿ ಅಂದ್ರು, ಬರದೀನಿ. ಇದು ಖರೆ."

ಲ್ಯಾಬಿನಲ್ಲಿ ಪೆನ್ನುಗಳೆಲ್ಲ ನಿಂತವು. ಮೇಡಂ ಹಿಂದೆ ನಿಂತಿದ್ದ ಯಶವಂತ ಸರ್ ನಗಲು ನೋಡಿದರು. "ಗಾಬರಿ ಆಗ್ಯಾಳ್ರಿ ಮೇಡಂ."

"ನನಗೇನ್ ಗಾಬರಿ ಆಗಿಲ್ಲ ಸರ್. ಆ ಟೇಪ್ ತೆಗೀರಿ, ಎಲ್ಲಾರೂ ನೋಡ್ಲಿ."

ಮೇಡಂ ಎದ್ದು ದೀಪ ಆರಿಸಿದರು. ಗೋಡೆಯ ಮೇಲೆ ಕೆಂಪು ಚುಕ್ಕೆಗಳು ಮೂಡಿದವು. ತಾವೇ ಸ್ಕೇಲು ಹಿಡಿದು ಬಗ್ಗಿ ನೋಡಿದರು, ಇನ್ನೊಮ್ಮೆ ನೋಡಿದರು. ಅಂಬಿಕಾಳ ಹಾಳೆಯಲ್ಲಿದ್ದ ಅಳತೆಯ ಮೇಲೆ ಬೆರಳಿಟ್ಟು ತಲೆಯನ್ನು ಚೂರೇ ಆಡಿಸಿದರು. ಅವರ ಇನ್ನೊಂದು ಕೈ ಲೇಸರಿನ ಟೇಪಿನ ಅಂಚಿಗೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತು, ಹಿಂದೆ ಬಂತು. ದೀಪ ಹತ್ತಿತು.

"ನಾ ಒಂದ್ ದಿನದ ಮಟ್ಟಿಗೆ ಬಂದಾಕಿ ಇದ್ದೀನಿ," ಎಂದರು ಮೇಡಂ, ಯಾರ ಮುಖವನ್ನೂ ನೋಡದೆ. "ಹಾಳಿ ಒಳಗ ಏನದ ಅದಕ್ಕೇ ಮಾರ್ಕ್ಸ್ ಕೊಡಬೇಕು." ಕೆಂಪು ಪೆನ್ನು ಅವಳ ಉತ್ತರದ ಮೇಲೆ ಅಡ್ಡಡ್ಡ ಹಾಯಿತು.

"ಮತ್ತ ಈಗ ಗೋಡಿ ಮ್ಯಾಲ ನೀವು ನೋಡಿದ್ದೇನ್ರಿ ಮೇಡಂ?"

ಮೇಡಂ ಮುಂದಿನ ಹಾಳೆ ಎಳೆದುಕೊಂಡರು. ಸರ್ ಅವಳ ಹೆಗಲು ಮುಟ್ಟಿ, ಹೊರಗೆ ನಡಿ ಎಂದರು.

ಹೊರಗೆ ಬೇವಿನ ಗಿಡದ ನೆರಳಲ್ಲಿ ನೀಲಕಂಠ ಕಾಲೇಜಿನ ಕಾರು ಓಡಿಸುವವರ ಜೊತೆ ಕೂತಿದ್ದ. ಮಗಳ ಮುಖ ನೋಡಿ ಎದ್ದ. ಅಂಬಿಕಾ ಮುಚ್ಚುಮರೆ ಮಾಡಲಿಲ್ಲ. ಚೀಟಿ ಕಿತ್ತುಕೊಂಡಿದ್ದರಿಂದ ಹಿಡಿದು ಕೆಂಪು ಪೆನ್ನಿನ ತನಕ ಒಂದೇ ಉಸಿರಿಗೆ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ನನ್ನ ಮಾತು ಮಣ್ಣಾಗ ಹಾಕಿದಿ. ಇನ್ನ ಯಾವ ಮುಖ ಹೊತ್ತು ಅವರ ಮುಂದ ನಿಂದರಲಿ?"

"ನಿಂದರಬ್ಯಾಡ."

ಅವನು ಒಂದಷ್ಟು ದೂರ ನಡೆದು ಹೋಗಿ ತಿರುಗಿ ಬಂದ. "ಆ ಮೇಡಂ ತಾವೇ ಅಳದು ನೋಡಿದ್ರು ಅಂದಿ?"

"ನೋಡಿದ್ರು. ಎರಡ ಸಲ."

"ಎಷ್ಟ ಬಂತು?"

"ನನಗ ಬಂದಷ್ಟೇ."

"ಅಂದ್ರೂ ಗೀಟ ಹೊಡದ್ರು?"

"ಹೊಡದ್ರು."

ನೀಲಕಂಠ ಹೆಗಲ ಮೇಲಿನ ಟವೆಲ್ಲು ಕೆಳಗೆಳೆದ. ಅವನ ಅಂಗಡಿಯಲ್ಲೂ ಜಗಳಗಂಟ ಗಿರಾಕಿಗಳಿದ್ದರು. ತೂಕ ಕಡಿಮೆ ಎಂದು ಹಟ ಮಾಡಿದವರ ಮುಂದೆ ಅವನು ತಕ್ಕಡಿ ಎತ್ತಿ ತೋರಿಸುತ್ತಿದ್ದ. ಕಣ್ಣಾರೆ ನೋಡಿದ ಮೇಲೆ ಎಂಥ ಮೊಂಡನೂ ಬಾಯಿ ಮುಚ್ಚುತ್ತಿದ್ದ. ನೋಡಿದ ಮೇಲೂ ಇಲ್ಲ ಅಂದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿ, ಮೆಟ್ಟಿಲು ಹತ್ತತೊಡಗಿದ.

"ಅಪ್ಪಾ! ಮತ್ತ ಹೋಗಿ ಕೈ ಮುಗದಿ ಅಂದ್ರ ನಾ ಮನಿಗೇ ಬರಲ್ಲ ನೋಡು!" ಅಂಬಿಕಾಳ ದನಿ ಅಂಗಳದಲ್ಲೆಲ್ಲ ಕೇಳಿತು. ಅವನು ತಿರುಗಿ ನೋಡದೆ ಒಳಗೆ ಹೋದ.

ಅವಳು ಗಿಡದ ಬುಡದಲ್ಲಿ ಕೂತು ಸಿಟ್ಟಿನಿಂದ ಅತ್ತಳು. ಪರೀಕ್ಷೆ ಮುಗಿಸಿ ಬಂದ ಸನೋಬರ್ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವಳೇ ಅಂಬಿಕಾಳ ಮೊಣಕೈ ತಿವಿದು, "ಅಲ್ಲಿ ನೋಡು," ಎಂದಳು.

ನೀಲಕಂಠ ಮೆಟ್ಟಿಲಿಳಿಯುತ್ತಿದ್ದ. ಹೆಗಲ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಹಣ್ಣು, ಒಂದೂ ಕಡಿಮೆಯಾಗದ ಹಾಗೆ. ಮೇಲಿನ ಜಗಲಿಯಲ್ಲಿ ಯಶವಂತ ಸರ್ ಬಾಗಿಲಿಗೆ ಕೈಯಿಟ್ಟು ನಿಂತಿದ್ದರು. ಕಾರು ಓಡಿಸುವವರು ಮುಖ ಮುಖ ನೋಡಿಕೊಂಡರು. ಕೊಟ್ಟದ್ದನ್ನು ಹಗಲು ಹೊತ್ತಿನಲ್ಲಿ ಹೊತ್ತುಕೊಂಡು ಹೋಗುವವನನ್ನು ಅವರೂ ಕಂಡಿರಲಿಲ್ಲ. ನೀಲಕಂಠನ ಕಿವಿಗಳು ಕೆಂಪಾಗಿದ್ದವು. ಆದರೂ ಅವಸರ ಮಾಡದೆ ಒಂದೊಂದೇ ಮೆಟ್ಟಿಲಿಳಿದು ಬಂದ.

"ಏನಂದ್ರು ಸರ್?" ಅಂಬಿಕಾ ಕೇಳಿದಳು.

"ಅವರೇನೂ ಅನಲಿಲ್ಲ. ನಾನೂ ಏನೂ ಅನಲಿಲ್ಲ. ನಡಿ, ಬಸ್ಸಿಗೆ ಹೊತ್ತಾಗ್ತದ." ಬುಟ್ಟಿಯಿಂದ ಎರಡು ಹಣ್ಣು ಮುರಿದು ಸನೋಬರಳ ಕೈಗಿತ್ತ.

ಬಸ್ಸು ತುಂಬಿತ್ತು. ಹಿಂದಿನ ಸೀಟಿನಲ್ಲಿ ಒತ್ತರಿಸಿಕೊಂಡು ಕೂತರು. ಬುಟ್ಟಿ ಅರ್ಧ ಅವನ ತೊಡೆಯ ಮೇಲೆ, ಅರ್ಧ ಅವಳ ತೊಡೆಯ ಮೇಲೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದವನು ಬುಟ್ಟಿಯ ಮೇಲೆ ಬಗ್ಗಿದ.

"ಭಾರೀ ಹಣ್ಣು ಅವ ರೀ ಕಾಕಾ. ಹೆಂಗ ಕೊಟ್ರಿ?"

"ಇವು ಕೊಡೂವಲ್ಲ," ಎಂದ ನೀಲಕಂಠ.

ಬಸ್ಸು ತಗ್ಗಿಗೆ ಬಿದ್ದು ಎದ್ದಿತು. ಬುಟ್ಟಿ ಜಾರದ ಹಾಗೆ ಇಬ್ಬರೂ ಒಟ್ಟಿಗೇ ಕೈ ಚಾಚಿದರು.