ಎವರಿಸ್ತೋ ಗಡ್ಡೆ

ದವಡೆಯ ಗಡ್ಡೆಗಳ ವಿಷಯದಲ್ಲಿ ಡಾಕ್ಟರ್ ಎವರಿಸ್ತೋನ ಮಾತಿಗೆ ಬೆಲೋ ಒರಿಜೋಂತೆ ನಗರದಲ್ಲಿ ಎದುರು ಮಾತಿರಲಿಲ್ಲ; ಹಾಗೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಅಂಥವನ ದವಡೆಯೇ, ಹಲ್ಲು ಕೀಳಿಸಿದ ಜಾಗದಲ್ಲಿ, ಊದಿಕೊಂಡಿತು. ಜೊತೆಯ ಡಾಕ್ಟರ್ ಜುಲ್ಮೀರಾ ಒಂದು ಚೂರು ಕತ್ತರಿಸಿ ಕೊಟ್ಟಳು. ಅದನ್ನು ಬೇರೆ ಯಾರಿಗೂ ಮುಟ್ಟಗೊಡದೆ ತಾನೇ ಪರೀಕ್ಷೆಗಿಟ್ಟ.

ಸೂಕ್ಷ್ಮದರ್ಶಕದಲ್ಲಿ ಕೋಡುಬಳೆಯಂಥ ಉಂಗುರಗಳು ಕಂಡವು. ಗಡ್ಡೆಯ ಜಾತಿ ಹೇಳುವ ಪ್ರೋಟೀನ್ ಗುರುತುಗಳನ್ನೆಲ್ಲ ಒಂದಾದ ಮೇಲೊಂದು ಹುಡುಕಿದ. ಸಿಕ್ಕಿದ್ದರೆ ಕಂದು ಬಣ್ಣ ಬರಬೇಕಿತ್ತು. ಉಂಗುರಗಳು ಯಾವುದಕ್ಕೂ ಜಪ್ಪಯ್ಯ ಅನ್ನಲಿಲ್ಲ. ಎವರಿಸ್ತೋಗೆ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು. ಲೋಕ ಕಾಣದ ಗಡ್ಡೆ, ಅದೂ ತನ್ನ ಬಾಯಲ್ಲೇ! ‘ಎವರಿಸ್ತೋ ಗಡ್ಡೆ’ ಎಂದು ನಾಮಕರಣವನ್ನೂ ಮುಗಿಸಿದ.

ಜುಲ್ಮೀರಾ ಒಂದು ಸಲ ಬಗ್ಗಿ ನೋಡಿದಳು. “ಹಲ್ಲು ಕೀಳಿಸಿದ ದಿನ ಏನ್ ತಿಂದೆ ಮಾರಾಯ?”

“ಅವತ್ತು ಶನಿವಾರ ಅಲ್ವಾ, ವಾರವಾರ ಅತ್ತೆ ಮನೇಲಿ ಫೇಜೊಆಡ ಊಟ. ಹಂದಿಮಾಂಸ, ಕರಿ ಬೀನ್ಸ್ ಕಾಳು... ಬೇಡ ಅನ್ನಕ್ಕಾಗುತ್ತಾ?”

“ಗಾಯ ಆರೋವರೆಗೂ ಕಾಳು ಮುಟ್ಟಬೇಡಿ ಅಂತ ರೋಗಿಗಳಿಗೆ ಭಾಷಣ ಬಿಗಿಯೋನು ಯಾರು?”

“ನಾನೇ.”

“ಕಾಳಿನ ಚೂರು ಗಾಯದೊಳಗೆ ಸೇರಿದ್ರೆ ಹೀಗೇ ಉಂಗುರ ಕಟ್ಟುತ್ತೆ. ಇದು ಗಡ್ಡೆ ಅಲ್ವೋ, ಬೀನ್ಸು.”

ಬದುಕಿದೆಯಾ ಬಡಜೀವವೇ ಎಂದು ಕೈಮುಗಿಯಬೇಕಾದವನು ಪೆಚ್ಚಾಗಿ ಕೂತ. ಆಮೇಲೆ ಮೆಲ್ಲಗೆ ಕೇಳಿದ, “ಹೋಗಲಿ, ಇದಕ್ಕಾದ್ರೂ ಇನ್ನೂ ಯಾರೂ ಹೆಸರಿಟ್ಟಿಲ್ಲ ತಾನೆ?”

“ಇಟ್ಟಿದ್ದಾರೆ. ನಿಮ್ಮತ್ತೆ ಅಡುಗೆಮನೆ ಡಬ್ಬಿ ಮೇಲೆ ಬರ್ದಿರುತ್ತೆ, ಓದ್ಕೋ.”