ಒಣ ಕೈ

ಗಾಳದವರ ಸಂಘದ ಸದಸ್ಯತ್ವ ಅಪ್ಪ ಸತ್ತ ಮೇಲೆ ಅಣ್ಣನಿಗೆ ಕೂತಲ್ಲೇ ಬಂತು. ಅಣ್ಣ ಲಿಫ್ಟ್ ರಿಪೇರಿಯವನು. ಎರೆಹುಳು ಕಂಡರೆ ಮುಖ ಕಿವುಚುವವನು, ದಾರಕ್ಕೆ ಗಾಳ ಕಟ್ಟಿಸಿಕೊಳ್ಳಲು ಇವತ್ತಿಗೂ ತಂಗಿಯ ಮುಂದೆ ಕೈ ಚಾಚುವವನು. ಕೆರೆಯಂಚಿನ ಜೊಂಡಿನ ಪಕ್ಕ ಅಪ್ಪ ಕೂರುತ್ತಿದ್ದ ಮರದ ಅಟ್ಟಣೆಯೂ ಅವನ ಪಾಲಿಗೇ ಹೋಯಿತು. ಅಲ್ಲಿ ಕೂತು ಅವನು ಫೋನಿನಲ್ಲಿ ಆಟವಾಡುತ್ತಿದ್ದ. ಪಕ್ಕದಲ್ಲಿ ಕೂತು ಮೀನು ಹಿಡಿಯುತ್ತಿದ್ದವಳು ತಂಗಿ ಚೂಟಿ. ಸದಸ್ಯರ ಜೊತೆ ಬಂದವರು ಗಾಳ ಹಾಕಬಹುದು, ಸದಸ್ಯರು ಎದ್ದರೆ ಅವರೂ ಏಳಬೇಕು ಎಂಬುದು ಸಂಘದ ನಿಯಮ. ಹಾಗಾಗಿ ಅಣ್ಣನಿಗೆ ಹಸಿವಾದರೆ ಚೂಟಿಯ ಗಾಳ ಮೇಲೆ ಬರಬೇಕು. ಅಣ್ಣನಿಗೆ ಹಸಿವು ಬೇಗ.

ಚೂಟಿ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವಾರವೆಲ್ಲ ಸಾಸಿವೆಗಿಂತ ಚಿಕ್ಕ ತಿರುಪು ಬಿಗಿಯುವುದು, ಮುರಿದ ಕಡ್ಡಿ ಜೋಡಿಸುವುದು. ರಜೆ ಸಿಗುತ್ತಿದ್ದದ್ದು ಒಂದೇ ದಿನ. ಆ ದಿನವೂ ಅಣ್ಣನ ಹೊಟ್ಟೆಯ ಲೆಕ್ಕದಲ್ಲಿ ಮುಗಿಯುವುದು ಸಾಕಾಗಿ, ತನಗೇ ಸದಸ್ಯತ್ವ ಬೇಕೆಂದು ಕಾರ್ಯದರ್ಶಿಯ ಬಳಿ ಹೋದಳು. ಕಾರ್ಯದರ್ಶಿ ಔಷಧಿ ಅಂಗಡಿಯ ಮಾಲೀಕ, ಅಪ್ಪನ ಹಳೆಯ ಗೆಳೆಯ.

"ಹೊಸಬರಿಗೆ ಪರೀಕ್ಷೆ ಇದೆಯಲ್ಲಮ್ಮ," ಅಂದರು ಅವರು.

"ಅಣ್ಣನಿಗೆ ಇರಲಿಲ್ಲ."

"ಅವನು ವಾರಸುದಾರ."

"ನಾನು?"

"ನೀನು ಮಗಳು," ಅಂದರು, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ತಿಳಿಸಿ ಹೇಳುವ ಮೆದು ದನಿಯಲ್ಲಿ.

ಪರೀಕ್ಷೆ ಹೀಗೆ: ಇಬ್ಬರು ಸದಸ್ಯರ ಕಣ್ಣೆದುರಿಗೆ ಮೊಳದುದ್ದಕ್ಕೆ ಕಡಿಮೆಯಿಲ್ಲದ ಮೀನನ್ನು ಹಿಡಿಯಬೇಕು. ಬೇರೆ ಯಾರ ಕೈಯೂ ತಾಗದೆ ದಡಕ್ಕೆ ತರಬೇಕು, ಗಾಳ ಬಿಡಿಸಬೇಕು, ನೀರಿಗೆ ಬಿಡಬೇಕು. ಅದು ತಾನಾಗಿ ಈಜಿಕೊಂಡು ಹೋಗಬೇಕು. ಹೋಗದಿದ್ದರೆ ಆ ಕೆರೆಯಲ್ಲಿ ಗಾಳ ಹಾಕುವ ಯೋಗ್ಯತೆ ನಿಮಗಿಲ್ಲ. ಈ ಮಾತಿಗೆ ಚೂಟಿಯ ತಕರಾರೇನೂ ಇರಲಿಲ್ಲ, ನ್ಯಾಯವಾದ ಪರೀಕ್ಷೆ. ಎಲ್ಲರಿಗೂ ಇಟ್ಟಿದ್ದರೆ ಸಂಘದಲ್ಲಿ ನಾಲ್ಕು ಜನ ಉಳಿಯುತ್ತಿದ್ದರು, ಅಷ್ಟೇ. ಸಾಕ್ಷಿಗಳಾಗಿ ಬಂದವರು ಕಾರ್ಯದರ್ಶಿ ಮತ್ತು ಅಣ್ಣ.

ಅವತ್ತು ಬೆಳಿಗ್ಗೆ ಮೋಡ ಕವಿದಿತ್ತು. ಚೂಟಿ ಗಾಳದ ತುದಿಯ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡಳು, ಬಿಡಿಸುವಾಗ ಮೀನಿನ ತುಟಿ ಹರಿಯಬಾರದೆಂದು. ಬೇಯಿಸಿದ ಮೆಕ್ಕೆಜೋಳದ ಕಾಳು ಚುಚ್ಚಿ, ಜೊಂಡು ಮುಗಿದು ನೀರು ಆಳವಾಗುವ ಅಂಚಿಗೆ ಎಸೆದಳು. ಅಣ್ಣನಿಗೆ ಆಕಳಿಕೆ ಶುರುವಾಯಿತು. ಕಾರ್ಯದರ್ಶಿ ಹೊಸ ಜಾಕೆಟ್ ಹಾಕಿಕೊಂಡು ಬಂದಿದ್ದರು. ಅದರ ತೋಳಿಗೆ ಅಟ್ಟಣೆಯ ಪಾಚಿ ತಾಗದಂತೆ ಕೈ ಎತ್ತಿಕೊಂಡೇ ಕೂತಿದ್ದರು.

ನೀರಿನ ಮೇಲೆ ತೇಲುತ್ತಿದ್ದ ಬೆಂಡು ಎರಡು ಸಲ ನಡುಗಿತು. ಆಮೇಲೆ ಯಾರೋ ಕೆಳಗಿನಿಂದ ಕೈ ಹಿಡಿದು ಎಳೆದ ಹಾಗೆ ಓರೆಯಾಗಿ ಒಳಗೆ ಹೋಯಿತು.

ಮೀನು ನೇರ ಜೊಂಡಿನ ಕಡೆ ನುಗ್ಗಿತು. ಅಲ್ಲಿ ಹೊಕ್ಕರೆ ದಾರ ಸುತ್ತಿಕೊಂಡು ಕತೆ ಮುಗಿಯುತ್ತದೆ. ಚೂಟಿ ಕೋಲನ್ನು ಎದುರು ಬದಿಗೆ ಮಲಗಿಸಿ, ರೀಲಿನ ಬಿಗಿ ಒಂದು ಚೂರು ಹೆಚ್ಚಿಸಿ, ಅದರ ತಲೆ ತಿರುಗುವವರೆಗೆ ಹಿಡಿದಳು. ತಿರುಗಿದ ಮೇಲೆ ಬಿಗಿ ಸಡಿಲಿಸಿ ಓಡಲು ಬಿಟ್ಟಳು. ಓಡಿತು, ನಿಂತಿತು, ಮತ್ತೆ ಓಡಿತು.

"ಎಳಿಯೇ, ಎಳಿ," ಅಂದ ಅಣ್ಣ.

"ಲಿಫ್ಟ್ ಅಲ್ಲ ಇದು. ಸುಮ್ನಿರು."

ತೊಡೆಮಟ್ಟದ ನೀರಿಗೆ ಇಳಿದು ಕೈಬಲೆಯನ್ನು ಮುಳುಗಿಸಿ ಹಿಡಿದಳು; ಮೀನನ್ನೇ ಬಲೆಯ ಮೇಲಕ್ಕೆ ಬರಮಾಡಿಕೊಂಡಳು. ದೊಡ್ಡ ಗೆಂಡೆ, ಮೊಳಕ್ಕಿಂತ ಗೇಣು ಜಾಸ್ತಿ. ಪಕ್ಕೆಯ ಪೊರೆಗಳು ಹಿತ್ತಾಳೆಯ ಬಣ್ಣ. ಅದನ್ನು ನೀರೊಳಗೇ ಇಟ್ಟುಕೊಂಡು, ಒದ್ದೆ ಬೆರಳಲ್ಲಿ ತುಟಿಯಿಂದ ಗಾಳ ಜಾರಿಸಿದಳು. ರಕ್ತದ ಹನಿಯೂ ಇಲ್ಲ. ಬಲೆ ಓರೆ ಮಾಡಿದರೆ ಮುಗಿಯಿತು, ಮೀನು ಹೊರಟುಹೋಗುತ್ತಿತ್ತು.

"ಬಿಡಬೇಡ, ಬಿಡಬೇಡ. ಫೋಟೋ," ಅಂದರು ಕಾರ್ಯದರ್ಶಿ.

"ನೀರಲ್ಲೇ ತೆಗೀರಿ ಅಂಕಲ್."

"ನೀರಲ್ಲಿ ಏನಮ್ಮ ಕಾಣುತ್ತೆ, ಬಕೆಟ್ಟಲ್ಲಿ ನೆನೆಸಿದ ಬಟ್ಟೆ ಕಂಡ ಹಾಗೆ. ಕೊಡಿಲ್ಲಿ."

ಅಂದವರೇ ಬಗ್ಗಿ ಬಲೆಯ ಚೌಕಟ್ಟು ಹಿಡಿದು ಅಟ್ಟಣೆಯ ಮೇಲಕ್ಕೆ ಎಳೆದುಕೊಂಡರು. ಅವಳ ಎದೆಯೆತ್ತರದ ಹಲಗೆ. ಹತ್ತುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಜಾಕೆಟ್ಟಿಗೆ ಲೋಳೆ ತಾಗಬಾರದೆಂದು ಅವರು ಒಣ ಟವೆಲ್ಲಿನಲ್ಲಿ ಮೀನನ್ನು ಸುತ್ತಿ ಹಿಡಿದರು. ಜಾರಿದಾಗ ಬಿಗಿಯಾಗಿ ಒರೆಸಿ ಹಿಡಿದರು. ಮತ್ತೂ ಜಾರಿದಾಗ ಕಿವಿರಿನೊಳಗೆ ಹೆಬ್ಬೆರಳು ತೂರಿಸಿ ಎತ್ತಿದರು. ಫೋನ್ ಅಣ್ಣನ ಕೈಯಲ್ಲಿ. "ಸ್ವಲ್ಪ ನಗಿ ಸಾರ್," ಅಂದ. ಅವರು ನಕ್ಕರು. ಮೀನು ಒಮ್ಮೆ ಮೈ ಕೊಡವಿತು, ಹಲಗೆಯ ಮೇಲೆ ದೊಪ್ಪನೆ ಬಿತ್ತು. "ಇನ್ನೊಂದು," ಅಂದರು ಕಾರ್ಯದರ್ಶಿ. ಮತ್ತೆ ಎತ್ತಿಕೊಂಡರು.

ಇವರೇನು ತಿಳಿಯದ ಮನುಷ್ಯರೇ? ಒಣ ಕೈ, ಒಣ ಬಟ್ಟೆ ಮುಟ್ಟಿಸಿದರೆ ಮೀನಿನ ಮೈಲೋಳೆ ಕಿತ್ತು ಬರುತ್ತದೆ, ಕಿವಿರು ಹರಿದರೆ ಮೀನು ಉಳಿಯುವುದಿಲ್ಲ ಎಂದು ಅವಳ ಚಿಕ್ಕಂದಿನಲ್ಲಿ ಇದೇ ಅಟ್ಟಣೆಯ ಮೇಲೆ ಅಪ್ಪನಿಗೂ ಅವಳಿಗೂ ಹೇಳಿಕೊಟ್ಟವರು ಇವರೇ. ಚೂಟಿಗೆ ಮೈ ಉರಿದದ್ದು ಅದಕ್ಕೆ.

ಅವಳು ಕಸಿದುಕೊಂಡು ನೀರಿಗಿಳಿಸಿದಾಗ ಗೆಂಡೆ ಹೊಟ್ಟೆ ಮೇಲಾಗಿ ಮಗುಚಿಕೊಂಡಿತು. ಹೊಟ್ಟೆಯ ಕೆಳಗೆ ಒಂದು ಕೈ, ಬಾಲದ ಬುಡಕ್ಕೆ ಒಂದು ಕೈ ಕೊಟ್ಟು, ಬೆನ್ನು ಮೇಲಾಗಿ ನೆಟ್ಟಗೆ ಹಿಡಿದು ನಿಂತಳು. ಕಿವಿರು ಎಳೆದು ಬಿಟ್ಟಂತೆ ಆಡುತ್ತಿತ್ತು, ಪ್ರತಿ ಸಲ ಕೆಂಪು ನೂಲಿನಷ್ಟು ರಕ್ತ ಹೊರಗೆ ಬರುತ್ತಿತ್ತು. ಮೇಲೆ ಕಾರ್ಯದರ್ಶಿ ತೋಳು ಪರೀಕ್ಷಿಸಿಕೊಳ್ಳುತ್ತಿದ್ದರು. ಅಣ್ಣ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದ. ಅವರು ಚಹಾಕ್ಕೆ ಹೋದರು, ಬಂದರು. ಅವಳ ಕಾಲು ಮರಗಟ್ಟಿತು. ಕೊನೆಗೆ ಕಿವಿರು ಆಡುವುದು ನಿಂತಿತು.

ಸಂಘದ ಕೋಣೆಯಲ್ಲಿ ಏಳೆಂಟು ಸದಸ್ಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಚೂಟಿ ಒದ್ದೆ ಬಟ್ಟೆಯಲ್ಲೇ ಒಳಗೆ ಬಂದು ಸತ್ತ ಮೀನನ್ನು ಮೇಜಿನ ಮೇಲೆ, ಚಹಾದ ಲೋಟಗಳ ನಡುವೆ ಇಟ್ಟಳು. ಒಬ್ಬರು ತಮ್ಮ ಲೋಟ ಎತ್ತಿಕೊಂಡರು.

"ಚೆನ್ನಾಗೇ ಹಿಡಿದಳು," ಅಂದರು ಕಾರ್ಯದರ್ಶಿ. "ಆದರೆ ಮೀನು ಹೋಗಲಿಲ್ಲ. ನಿಯಮ ನಿಯಮವೇ. ನನಗೂ ಬೇಜಾರು."

"ನೀವು ಕೊಂದ್ರಿ ಅಂಕಲ್."

"ಮಗಳೇ, ದೊಡ್ಡವರ ಹತ್ರ ಹಾಗೆ ಮಾತಾಡ್ತಾರಾ?"

"ಚಿಕ್ಕವರ ಮೀನನ್ನ ಹಾಗೆ ಹಿಡೀತಾರಾ?"

ಯಾರೋ ಕೆಮ್ಮಿದರು. ಲೋಟ ಎತ್ತಿಕೊಂಡವರು ಅಣ್ಣನ ಕಡೆ ತಿರುಗಿದರು. "ಇನ್ನೊಬ್ಬ ಸಾಕ್ಷಿ ನೀನೇ ಅಲ್ವೇನಪ್ಪಾ? ಏನಾಯ್ತು ಹೇಳು."

ಅಣ್ಣ ಕುತ್ತಿಗೆ ಕೆರೆದುಕೊಂಡ. ಕಾರ್ಯದರ್ಶಿಯ ಕಟ್ಟಡದ ಲಿಫ್ಟ್ ರಿಪೇರಿ ಅವನದೇ ಗುತ್ತಿಗೆ. "ನಾನು ಫೋಟೋ ತೆಗೀತಿದ್ದೆ," ಅಂದ. "ಸರಿಯಾಗಿ ನೋಡಲಿಲ್ಲ."

ಫೋಟೋ ತೆಗೆಯುತ್ತಿದ್ದವನು ನೋಡಲಿಲ್ಲವಂತೆ. ಇಡೀ ಕೋಣೆ ಅದನ್ನು ಕೇಳಿಸಿಕೊಂಡಿತು, ಒಬ್ಬರ ಹುಬ್ಬೂ ಮೇಲೇರಲಿಲ್ಲ.

"ಮುಂದಿನ ವರ್ಷ ಮತ್ತೆ ಬಾ," ಅಂದರು ಕಾರ್ಯದರ್ಶಿ. "ಅಲ್ಲೀವರೆಗೆ ಅಣ್ಣನ ಜೊತೆ ಬಂದು ಹಾಕು, ಯಾರು ಬೇಡ ಅಂದ್ರು?"

ರಾತ್ರಿ ಊಟದ ಹೊತ್ತಿಗೆ ಅಣ್ಣನ ಫೋನ್ ತಟ್ಟೆಯ ಪಕ್ಕದಲ್ಲಿ ಮತ್ತೆ ಮತ್ತೆ ಮಿನುಗಿತು. ಚೂಟಿ ಎತ್ತಿ ನೋಡಿದಳು. ಸಂಘದ ಗುಂಪಿಗೆ ಕಾರ್ಯದರ್ಶಿ ಫೋಟೋ ಹಾಕಿದ್ದರು. ಹೊಸ ಜಾಕೆಟ್, ಬಿಳಿ ಟವೆಲ್, ಕಿವಿರಿನೊಳಗೆ ಹೋಗಿರುವ ಹೆಬ್ಬೆರಳು, ನಗು. "ನಮ್ಮ ಕೆರೆಯ ಸಂಪತ್ತು" ಎಂದು ಬರೆದಿದ್ದರು. ಮುಚ್ಚಿಟ್ಟುಕೊಳ್ಳಬೇಕೆಂದೂ ಅವರಿಗೆ ಅನ್ನಿಸಿರಲಿಲ್ಲ. ಕೆಳಗೆ ಸಾಲಾಗಿ ಮೆಚ್ಚುಗೆಗಳು. ಅವುಗಳಲ್ಲಿ ಅಣ್ಣನದೂ ಒಂದು.

"ಇದೂ ಸರಿಯಾಗಿ ನೋಡದೇ ಒತ್ತಿದ್ದಾ?"

"ಎಲ್ಲರೂ ಒತ್ತಿದ್ರು ಕಣೇ."

"ಏನೇ ಅದು, ಊಟದ ಮುಂದೆ," ಅಂದಳು ಅಮ್ಮ.

"ಏನಿಲ್ಲಮ್ಮ. ನಿನ್ನ ವಾರಸುದಾರನಿಗೆ ಇನ್ನೊಂದು ತುತ್ತು ಬಡಿಸು."

ಮರುದಿನ ಅಂಗಡಿಗೆ ರಜೆ ಹೇಳಿ ಚೂಟಿ ಒಬ್ಬಳೇ ಕೆರೆಗೆ ಹೋದಳು. ಅಪ್ಪನ ಅಟ್ಟಣೆಯ ಮೇಲೆ ಕೂತು ಗಾಳ ಹಾಕಿದಳು. ಸ್ವಲ್ಪ ಹೊತ್ತಿಗೆ ಅಣ್ಣ ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು, ಕೆಲಸದ ಅಂಗಿಯಲ್ಲೇ ಏದುಸಿರು ಬಿಡುತ್ತ ಬಂದ.

"ಅಮ್ಮ ಹೇಳಿದ್ಳು. ಕೆರೆ ಕಾವಲುಗಾರ ನೋಡಿದ್ರೆ ಕೋಲು ಕಿತ್ಕೋತಾನೆ. ನಾನು ಪಕ್ಕದಲ್ಲಿ ಕೂರ್ತೀನಿ, ಯಾರೂ ಕೇಳಲ್ಲ."

"ಕೂರಬೇಡ."

"ಹಟ ಮಾಡಬೇಡ್ವೇ."

"ನೀನು ಕೂತರೆ ನಾನು ನಿನ್ನ ಜೊತೆ ಬಂದವಳು. ನಾನು ಯಾರ ಜೊತೆಗೂ ಬಂದಿಲ್ಲ. ದೂರ ನಿಲ್ಲು."

ಅವನು ದಡಕ್ಕೆ ಹೋಗಿ ನಿಂತ. ಕಾವಲುಗಾರ ಸೈಕಲ್ ತಳ್ಳಿಕೊಂಡು ಬಂದ. ಚೂಟಿಯನ್ನು ನೋಡಿದ, ದಡದಲ್ಲಿದ್ದವನನ್ನು ನೋಡಿದ. ಒಳ್ಳೆಯ ಮನುಷ್ಯ, ಜಗಳ ಬೇಕಿರಲಿಲ್ಲ. "ನಿಮ್ಮ ಜೊತೆಗೇ ತಾನೇ ಬಂದಿರೋದು?" ಎಂದು ಅಣ್ಣನನ್ನೇ ಕೇಳಿದ. ಹೂಂ ಅಂದರೆ ಮುಗಿಯುತ್ತಿತ್ತು.

ಅಣ್ಣ ತಂಗಿಯ ಬೆನ್ನು ನೋಡಿದ. ಅದು ತಿರುಗಲಿಲ್ಲ.

"ಇಲ್ಲ," ಅಂದ. "ಅವಳಷ್ಟಕ್ಕೆ ಅವಳು ಬಂದಿದ್ದಾಳೆ. ನಿನ್ನೆ ಪರೀಕ್ಷೆ ಪಾಸಾಗಿದ್ದಾಳೆ. ಮೀನು ಕೊಂದಿದ್ದು ಕಾರ್ಯದರ್ಶಿ. ನಾನು ನೋಡಿದ್ದೀನಿ."

"ನನಗ್ಯಾಕಪ್ಪಾ ಹೇಳ್ತೀರ," ಅಂದ ಕಾವಲುಗಾರ. "ಕಾರ್ಯದರ್ಶಿ ಕೋಣೇಲೇ ಇದ್ದಾರೆ. ಅಲ್ಲಿ ಹೇಳಿ."

"ಹೋಗು," ಅಂದಳು ಚೂಟಿ, ಬೆಂಡಿನಿಂದ ಕಣ್ಣು ತೆಗೆಯದೆ. "ಇದನ್ನೇ ಹೇಳು. ಒಂದು ಮಾತೂ ಕಮ್ಮಿ ಮಾಡಬೇಡ."

ಅಣ್ಣ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಸಂಘದ ಕೋಣೆಯ ದಾರಿ ಹಿಡಿದ. ಕಾವಲುಗಾರ ಸೈಕಲ್ ನಿಲ್ಲಿಸಿ, ಉತ್ತರ ಬರುವವರೆಗೆ ಅವಳನ್ನು ಎಬ್ಬಿಸಬೇಕೋ ಬೇಡವೋ ತಿಳಿಯದೆ ಅಲ್ಲೇ ಉಳಿದ. ಚೂಟಿಯ ಸಿಟ್ಟು ಇಳಿದಿರಲಿಲ್ಲ. ನಿನ್ನೆ, ಅಷ್ಟು ಜನರೆದುರು, ಮೇಜಿನ ಮೇಲೆ ಮೀನು ಇದ್ದಾಗ ಹೇಳಬೇಕಾದ ಮಾತು ಇದು. ಇವತ್ತು ಹೇಳಿದ್ದಕ್ಕೆ ಅವಳು ಯಾರಿಗೂ ಋಣಿಯಲ್ಲ. ಅವಳು ದಾರ ಸುತ್ತಿ, ಕಾಳು ಬದಲಿಸಿ, ಇನ್ನೂ ಸ್ವಲ್ಪ ದೂರಕ್ಕೆ ಎಸೆದಳು.