ಬಿಡು ಅಂದರೆ

ಅಣ್ಣಪ್ಪನವರ ತಲೆಗೊಂದು ಹುಳ ಹೊಕ್ಕರೆ ಮುಗಿಯಿತು, ಬ್ರಹ್ಮ ಬಂದರೂ ತೆಗೆಯಲಾರ. ಕಾಳಿಪೂಜೆ ಕಳೆದು ಎರಡು ವಾರವಾದರೂ ಚಳಿಗಾಲಕ್ಕೆ ಈಜುಕೊಳ ಮುಚ್ಚುವ ಕೆಲಸಗಾರರು ಊರಿಂದ ಮರಳಿರಲಿಲ್ಲ. ಜೋಕಾ ಬಡಾವಣೆಯ ಆ ಅಪಾರ್ಟ್‌ಮೆಂಟಿನ ಜನ ಆಗಲೇ ಮಂಕಿ ಕ್ಯಾಪ್ ಏರಿಸಿದ್ದರು. ಕೊಳದಲ್ಲಿ ಎಲೆ ಕೊಳೆಯುತ್ತಿತ್ತು.

"ಮೂವತ್ತು ವರ್ಷ ರೈಲ್ವೆ ಇಂಜಿನ್ ಬಿಚ್ಚಿ ಕೂಡಿಸಿದಾಂವ ನಾ. ಇದೇನು ಮಹಾ! ನೀರು ಇಳಿಸೋದು, ಔಷಧಿ ಹಾಕೋದು, ತಾಡಪತ್ರಿ ಬಿಗಿಯೋದು. ಫೆಬ್ರುವರಿ ತನಕ ಚಿಂತಿಲ್ಲ," ಎಂದು ಸೊಸೈಟಿ ಸೆಕ್ರೆಟರಿಯಾದ ಅವರು ಭಾನುವಾರ ಮಧ್ಯಾಹ್ನ ಮಗಳು ಮೇಧಾಳನ್ನೂ ಮಗ ವಿನಯನನ್ನೂ ನಿದ್ದೆಯಿಂದ ಎಬ್ಬಿಸಿಕೊಂಡು ಹೊರಟರು.

ಸ್ವಲ್ಪ ನೀರು ಇಳಿಯುವಷ್ಟರಲ್ಲಿ ಪಂಪು ಬರೀ ಗೊರಗುಟ್ಟತೊಡಗಿತು. ತಳದ ಕೊಳವೆಗೆ ಎಲೆ ಕಟ್ಟಿಕೊಂಡಿತ್ತು. ವಿನಯ ಅಂಗಿ ಕಳಚಿ ಎದೆಮಟ್ಟದ ನೀರಿಗಿಳಿದ. ಮುಳುಗಿ, ಜಾಲರಿ ತೆಗೆದು, ಕೊಳವೆಯೊಳಗೆ ಕೈಹಾಕಿ ಎಲೆ ಎಳೆಯಬೇಕಿತ್ತು. ಅಣ್ಣಪ್ಪ ದಂಡೆಯ ಮೇಲಿದ್ದರು, ಮೇಧಾ ಪಂಪ್ ರೂಮಿನಲ್ಲಿದ್ದಳು. ಅಲ್ಲಿಂದ ಕೊಳ ಕಾಣುತ್ತಿರಲಿಲ್ಲ.

"ಪಂಪ್ ಬಂದ್ ಮಾಡ್ಲ್ಯಾ ಅಪ್ಪಾ?"

"ಬ್ಯಾಡ, ಒಮ್ಮೆ ನಿಂತ್ರ ಮತ್ತ ನೀರು ಎಳ್ಯಾಂಗಿಲ್ಲ. ವಾಲ್ವ್ ಅಷ್ಟ ಮುಚ್ಚು. ನಾ 'ಬಿಡು' ಅಂದ್ರ ತಗಿ, 'ಹಿಡಿ' ಅಂದ್ರ ಮುಚ್ಚು. ತಿಳೀತಿಲ್ಲೊ?"

ತಿಳಿಯದೆ ಏನು! ಆದರೆ ಅಪ್ಪನಿಗೆ ಬಿಡು ಎಂಬುದು ಬಾಯಿಗಂಟಿದ ಮಾತು. ಮೆಟ್ರೊ ತಪ್ಪಿದರೂ ಬಿಡು, ಸಾರಿಗೆ ಉಪ್ಪು ಮರೆತರೂ ಬಿಡು. ಇದು ಮೇಧಾಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಪಂಪಿನ ಸದ್ದು ಕಿವಿ ತುಂಬಿತ್ತು. ಅವ್ವ ಶೋಭಾ ಚಹಾದ ಥರ್ಮಾಸ್ ಹಿಡಿದು ಕಿಟಕಿಯ ಮುಂದೆ ಕೊಳದ ಕಡೆ ಹೋದಳು. ತಮ್ಮ ಮುಳುಗಿ ಎಷ್ಟು ಹೊತ್ತಾಯಿತು? ಮೇಧಾ ಮುಚ್ಚಿ ಹಿಡಿದಿದ್ದ ವಾಲ್ವಿನ ಚಕ್ರ ಕೈಯಲ್ಲಿ ತಣ್ಣಗೆ ಕೊರೆಯುತ್ತಿತ್ತು.

"ಬಿಡು!"

ಅಪ್ಪನ ದನಿಯೇ. ಅವಳು ಚಕ್ರವನ್ನು ಅರ್ಧ ತಿರುಗಿಸಿದಳು. ಪಂಪಿನ ಗೊರಗು ನಿಂತು, ಏನನ್ನೋ ಕಚ್ಚಿ ಹಿಡಿದಂತೆ ಒಂದೇ ಸಮನೆ ಮೊರೆಯಿತು.

"ಬಿಡೂ! ಬಿಡೂ!"

ಅಪ್ಪ ಗಂಟಲು ಹರಿಯುವಂತೆ ಕೂಗುತ್ತಿದ್ದರು. ತಿರುಗಿಸಿದ್ದು ಸಾಲದೇನೋ ಎಂದು ಮೇಧಾ ಇದ್ದ ಬಲವೆಲ್ಲ ಹಾಕಿ ಪೂರ್ತಿ ತಿರುಗಿಸಿದಳು.

ಬಾಗಿಲಲ್ಲಿ ಅವ್ವ. ಕೈಯಲ್ಲಿ ಥರ್ಮಾಸ್ ಇರಲಿಲ್ಲ. "ಬಂದ್ ಮಾಡ! ಅಯ್ಯೋ, ಬಂದ್ ಮಾಡ! ಅವನ ಕೈ ಒಳಗ ಸಿಕ್ಕೊಂಡದ!"

ಮೇಧಾ ಸ್ವಿಚ್ ಹೊಡೆದು ಓಡಿದಳು. ಅಪ್ಪ ಬಟ್ಟೆ ಸಮೇತ ನೀರಿಗೆ ಬಿದ್ದು ಮಗನನ್ನು ಎಳೆಯುತ್ತಿದ್ದರು. ಮೂವರೂ ಸೇರಿ ಮೇಲೆತ್ತಿ ಮಲಗಿಸಿದಾಗ ವಿನಯ ನೀರು ಕಕ್ಕಿದ, ಉಸಿರಾಡಿದ. ಜೀವ ಉಳಿದಿತ್ತು. ಬಲಗೈ ಮೊಣಕೈಯಿಂದ ಕೆಳಗೆ ಊದಿ, ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಚಾ ಆಮ್ಯಾಲೆ, ಬಿಡು ಅಂದೆ ನಿಮ್ಮವ್ವಗ," ಅಣ್ಣಪ್ಪ ಮಗಳ ಕಡೆ ತಿರುಗಿದರು. "ಆಮ್ಯಾಲೆ ಇಂವಾ ಪೈಪ್ ಹಿಡಕೊಂಡಾನಂತ ತಿಳಿದು, ಕೈ ಬಿಡು ಅಂದೆ... ನಿನಗಲ್ಲವ್ವಾ, ನಿನಗಲ್ಲ."

ಗೇಟಿನ ಬಳಿ ಆಂಬುಲೆನ್ಸಿನ ಸದ್ದು ಕೇಳಿಸಿತು. ವಿನಯ ಕಣ್ಣು ಮುಚ್ಚಿಕೊಂಡೇ ತುಟಿ ಅಲ್ಲಾಡಿಸಿದ.

"ಅಕ್ಕಾ, ಎಲ್ಲಿದ್ದೀ? ಹೆದರಿಕಿ ಆಗ್ತದ. ನನ್ನ ಬಲಗೈ ಹಿಡಿ."

ಅವನನ್ನು ಮೇಲೆತ್ತಿದಾಗಿನಿಂದ ಅವಳು ಆ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.